ಹಸಿವಿನ ಮರೆಯಲ್ಲಿರುವ ವ್ಯಾಧಿ

ಕೃಷ್ಣೆ ತುಂಗಭದ್ರೆಗಳ ನಡುವಣ ನೆಲವನ್ನು ಪ್ರಾಚೀನ ಕನ್ನಡಿಗರು ಎಡೆದೊರೆ ನಾಡೆಂದು ಕರೆದರು. ಇಕ್ಕೆಲಗಳಲ್ಲಿ ಎರಡು ಮಹಾನದಿಗಳು ಹರಿಯುತ್ತಿದ್ದರೂ ಮುಗಿಲ ಕಡೆಗೆ ನೋಡುತ್ತ ಕುಳಿತಿರುವ ಊರುಗಳು ಈ ನಾಡಿನಲ್ಲಿ ಹಲವು. ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಅಂಥವುಗಳಲ್ಲೊಂದು. ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಹೊಸ ತಾಲ್ಲೂಕುಗಳ ರಚನೆಯಾದ ಮೇಲೆ ಮಸ್ಕಿಗೆ ಸೇರಿದ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದುದು 2020ರ ಕೊನೆಯಲ್ಲಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ರೈತರು ಇಲ್ಲಿ ಧರಣಿ ಕುಳಿತರು. 2021ರ ಏಪ್ರಿಲಿನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ಆ ಕಾಲುವೆ ದೊಡ್ಡ ಮಾತಾಯಿತು. ಅತ್ತ ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಭತ್ತ ತೂಗುತ್ತದೆ. ಕಾಲುವೆ ಮುಟ್ಟದ ಹೊಲಗಳಲ್ಲಿ ಜೋಳ, ಸಜ್ಜೆ, ತೊಗರಿ, ಹತ್ತಿ. ಮಳೆ ಕೈಕೊಟ್ಟ ವರ್ಷ ಹೊಲವಿಲ್ಲದವರೂ ಅಂಗೈಯಗಲ ಹೊಲವುಳ್ಳವರೂ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುವರು.

ಇಂಥ ನಾಡಿನ ಕೂಲಿಕೇರಿಯೊಂದರಲ್ಲಿ ಹೆಣ್ಣುಮಗಳೊಬ್ಬಳು ಉಣ್ಣುವುದನ್ನು ಬಿಟ್ಟಳೆಂದು ಭಾವಿಸೋಣ. ಅದು ಯಾರ ಕಣ್ಣಿಗೆ ಬೀಳಬೇಕು? ಬೆಂಗಳೂರಿನ ಬಡಾವಣೆಯ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ನಾಲ್ಕು ದಿನ ತಟ್ಟೆ ಸರಿಸಿದರೆ ತಾಯಿ ಗಾಬರಿಗೊಳ್ಳುವಳು. ಐದನೆಯ ದಿನ ವೈದ್ಯರ ಮನೆಯ ಬಾಗಿಲಲ್ಲಿ ತಾಯಿ ಮಗಳಿಬ್ಬರೂ ಕುಳಿತಿರುವರು. ಕೂಲಿಕೇರಿಯಲ್ಲಿ ಮೈ ಸೊರಗಿರುವುದು ರೋಗಲಕ್ಷಣವೆನಿಸುವುದಿಲ್ಲ, ಏಕೆಂದರೆ ಸುತ್ತಲಿನವರೆಲ್ಲರ ಮೈಯೂ ಹಾಗೆಯೇ ಇರುತ್ತದೆ. ಒಂದು ಹೊತ್ತಿನ ಊಟ ತಪ್ಪಿದ್ದೂ ಸುದ್ದಿಯಲ್ಲ. ಆಕೆ ಆರೋಗ್ಯ ಕೇಂದ್ರಕ್ಕೆ ಹೋಗಿ ‘ಊಟ ಸೇರವಲ್ದು’ ಎಂದರೆ, ರಕ್ತ ಕಡಮೆಯಾಗಿದೆಯೆಂದು ಕಬ್ಬಿಣದ ಗುಳಿಗೆ ದೊರೆಯುವುದು. ರಕ್ತ ಕಡಮೆಯಾಗಿರುವುದು ನಿಜವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಆದುದರಿಂದ ಗುಳಿಗೆ ಕೊಟ್ಟವರು ತಪ್ಪು ಮಾಡಿದರೆನ್ನುವಂತಿಲ್ಲ. ಆದರೆ ಅನ್ನ ಏಕೆ ಸೇರುತ್ತಿಲ್ಲವೆಂಬ ಪ್ರಶ್ನೆ ಕೇಳದೆಯೇ ಉಳಿಯಿತು. ಬಡತನವು ವ್ಯಾಧಿಯನ್ನು ಮುಚ್ಚಿತು. ವ್ಯಾಧಿಯು ಬಡತನದ ವೇಷ ತೊಟ್ಟು ಮನೆಗೆ ಮರಳಿತು.

ಮನಸ್ಸು ಕೆಟ್ಟರೆ ಊಟ ಕೆಡುವುದೆಂಬ ತಿಳಿವಳಿಕೆ ಹೊಸದೇನೂ ಅಲ್ಲ. ಅನ್ನದಲ್ಲಿ ಅರುಚಿ ಹುಟ್ಟುವ ‘ಅರೋಚಕ’ಕ್ಕೆ ಕಾರಣಗಳನ್ನು ಹೇಳುವಾಗ ಚರಕಸಂಹಿತೆ ವಾತಪಿತ್ತಾದಿಗಳ ಜೊತೆಗೆ ಶೋಕ, ಭಯ, ಕ್ರೋಧಗಳನ್ನೂ ಎಣಿಸಿದೆ. ಆಧುನಿಕ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರು ಬಂದುದು 1873ರ ಸುಮಾರಿಗೆ. ಲಂಡನ್ನಿನಲ್ಲಿ ವಿಲಿಯಂ ಗಲ್, ಪ್ಯಾರಿಸ್ಸಿನಲ್ಲಿ ಲಾಸೆಗ್ ಎಂಬ ಇಬ್ಬರು ವೈದ್ಯರು, ಉಣ್ಣಲೊಲ್ಲದೆ ಎಲುಬಿನ ಹಂದರವಾಗುತ್ತಿದ್ದ ತರುಣಿಯರನ್ನು ಬೇರೆಬೇರೆಯಾಗಿಯೇ ವರ್ಣಿಸಿದರು. ಗಲ್ ಇಟ್ಟ ‘ಅನೊರೆಕ್ಸಿಯ ನರ್ವೋಸ’ ಎಂಬ ಹೆಸರು ನಿಂತಿತು. ಮಿತಿಮೀರಿ ತಿಂದು ಬಳಿಕ ಬಲಾತ್ಕಾರದಿಂದ ಕಕ್ಕುವ ‘ಬುಲಿಮಿಯ’ವನ್ನು ಜೆರಾಲ್ಡ್ ರಸೆಲ್ ಗುರುತಿಸಿದ್ದು 1979ರಲ್ಲಿ. ಇವೆಲ್ಲ ಸಿರಿವಂತ ದೇಶದ ಸಿರಿವಂತ ಮನೆಯ ಬಿಳಿಯ ಹುಡುಗಿಯರ ಕಾಯಿಲೆ, ಹಸಿದ ದೇಶಗಳಲ್ಲಿ ಇದಕ್ಕೆಡೆಯಿಲ್ಲವೆಂಬ ನಂಬಿಕೆ ಬಹುಕಾಲ ವಿದ್ವಾಂಸರಲ್ಲಿಯೂ ಇತ್ತು. ಹೊಟ್ಟೆ ತುಂಬಿದವರಿಗೆ ಮಾತ್ರ ಊಟ ಬೇಡವಾಗುವುದೆಂಬ ಈ ತರ್ಕ ಕೇಳಲು ಸೊಗಸಾಗಿದೆ, ಆದರೆ ಸರಿಯಲ್ಲ.

ಈ ನಂಬಿಕೆಯನ್ನು ಮೊದಲು ಅಲುಗಿಸಿದವರಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ಒಬ್ಬರು. 1990ರ ದಶಕದಲ್ಲಿ ಅವರು ಪ್ರಕಟಿಸಿದ ಬರಹಗಳಲ್ಲಿ ಕಾಣುವ ಚೀನೀ ರೋಗಿಗಳಲ್ಲಿ ಅನೇಕರಿಗೆ ದಪ್ಪಗಾದೇವೆಂಬ ಅಂಜಿಕೆಯೇ ಇರಲಿಲ್ಲ. ಹೊಟ್ಟೆ ಉಬ್ಬರಿಸಿದೆ, ಹಸಿವಿಲ್ಲ, ಅನ್ನ ಇಳಿಯದು—ಇವೇ ಅವರ ಮಾತುಗಳು. ದಪ್ಪಗಾಗುವ ಭಯವಿದ್ದರೆ ಮಾತ್ರ ರೋಗವೆಂದು ಪುಸ್ತಕ ಹೇಳುತ್ತಿದ್ದುದರಿಂದ, ಪ್ರಾಣಕ್ಕೆ ಅಪಾಯವಾಗುವಷ್ಟು ಸೊರಗಿದ್ದರೂ ಇವರು ರೋಗಿಗಳ ಲೆಕ್ಕಕ್ಕೆ ಬರುವುದು ಕಷ್ಟವಾಗಿತ್ತು. ಹಾಂಗ್‌ಕಾಂಗಿನ ಆ ರೋಗಿಗಳ ಮಾತಿಗೂ ಮಸ್ಕಿ ಸೀಮೆಯ ‘ಊಟ ಸೇರವಲ್ದು’ ಎಂಬ ಮಾತಿಗೂ ಎಷ್ಟು ದೂರ?

ಪ್ರಶ್ನಾವಳಿಯ ಕಥೆ

ಇಂಥ ವ್ಯಾಧಿಗಳನ್ನು ಸಮುದಾಯದಲ್ಲಿ ಹುಡುಕುವವರು ಸಾಮಾನ್ಯವಾಗಿ ಅಚ್ಚಾದ ಪ್ರಶ್ನಾವಳಿಯೊಂದನ್ನು ಕೈಯಲ್ಲಿ ಹಿಡಿದು ಹೋಗುವರು. ಬಹು ಪ್ರಸಿದ್ಧವಾದ ಪ್ರಶ್ನಾವಳಿ 1982ರಲ್ಲಿ ಕೆನಡಾದಲ್ಲಿ ಸಿದ್ಧವಾದುದು. ಅದರಲ್ಲಿ 26 ಪ್ರಶ್ನೆಗಳಿವೆ. ಹಸಿವಾದಾಗಲೂ ಉಣ್ಣದೆ ಇರುವಿರಾ? ಊಟದ ವಿಚಾರವೇ ಸದಾ ತಲೆಯಲ್ಲಿ ತುಂಬಿರುವುದೆ? ಆಹಾರವನ್ನು ಸಣ್ಣಸಣ್ಣ ಚೂರು ಮಾಡಿಕೊಳ್ಳುವಿರಾ? ತಿನ್ನುವ ವಸ್ತುವಿನಲ್ಲಿ ಎಷ್ಟು ಕ್ಯಾಲೊರಿಯಿದೆಯೆಂದು ಬಲ್ಲಿರಾ? ಪ್ರಶ್ನೆಗಳು ಈ ಬಗೆಯವು. ಟೊರಾಂಟೊ ನಗರದ ಹುಡುಗಿಗೆ ಇವು ಒಪ್ಪುವ ಪ್ರಶ್ನೆಗಳೇ. ಅವನ್ನೇ ಎಡೆದೊರೆಯ ಕೂಲಿಕಾರ ಹೆಂಗಸಿಗೆ ಹಾಕಿದರೆ ಬರುವ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. ಹಸಿವಾದಾಗ ಉಣ್ಣದಿರುವುದುಂಟೆ? ಉಂಟು; ಸೋಮವಾರ ಒಪ್ಪತ್ತು, ಮಿಕ್ಕ ದಿನಗಳಲ್ಲಿ ಹಿಟ್ಟಿನ ಡಬ್ಬಿಯ ಮೇಲಿದೆ. ಊಟದ ವಿಚಾರ ತಲೆಯಲ್ಲಿರುವುದೆ? ರಾತ್ರಿಯ ರೊಟ್ಟಿಗೆ ಹಿಟ್ಟು ಸಾಲುವುದೋ ಇಲ್ಲವೋ ಎಂಬ ಚಿಂತೆಯಲ್ಲದೆ ಬೇರೇನಿದೆ! ಚೂರು ಮಾಡುವುದುಂಟೆ? ರೊಟ್ಟಿಯನ್ನು ಮುರಿಯದೆ ಯಾರು ತಿಂದಾರು? ಹೀಗೆ ಆರೋಗ್ಯವಂತಳಾದ ಬಡವಿ ಈ ಲೆಕ್ಕದಲ್ಲಿ ರೋಗಿಯಾಗುವಳು. ನಿಜವಾಗಿ ರೋಗವಿದ್ದವಳು ದಪ್ಪಗಾಗುವ ಭಯವಿಲ್ಲವೆಂದು ಹೇಳಿ ಆರೋಗ್ಯವಂತಳೆನಿಸಿಕೊಂಡು ಪಾರಾಗುವಳು.

ಇದು ಕೇವಲ ಊಹೆಯಲ್ಲ. 1989ರಲ್ಲಿ ಮೈಕೇಲ್ ಕಿಂಗ್ ಮತ್ತು ದಿನೇಶ್ ಭೂಗ್ರ ಎಂಬ ಮನೋವೈದ್ಯರು ಉತ್ತರ ಭಾರತದ ಶಾಲಾಬಾಲಿಕೆಯರಿಗೆ ಇದೇ ಪ್ರಶ್ನಾವಳಿಯನ್ನು ಹಿಂದಿಯಲ್ಲಿ ಕೊಟ್ಟು ನೋಡಿದರು. ಅಂಕಗಳು ಅಸಾಮಾನ್ಯವಾಗಿ ಮೇಲಕ್ಕೇರಿದವು. ಒಂದೊಂದು ಪ್ರಶ್ನೆಯನ್ನೂ ಬಿಡಿಸಿ ನೋಡಿದಾಗ, ಕೆಲವು ಪ್ರಶ್ನೆಗಳನ್ನು ಬಾಲಿಕೆಯರು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡಿದ್ದರೆಂದು ತಿಳಿದುಬಂತು. ಭಾಷಾಂತರವಾದುದು ಶಬ್ದ, ಬದುಕು ಭಾಷಾಂತರವಾಗಿರಲಿಲ್ಲ.

ಬೆಂಗಳೂರಿನ ಕಡೆಯಿಂದಲೂ ಒಂದು ಸಾಕ್ಷ್ಯವಿದೆ. ನಿಮ್ಹಾನ್ಸ್ ಸಂಸ್ಥೆಯ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಗರದ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇಂಥ ರೋಗಿಯನ್ನು ಒಬ್ಬರನ್ನಾದರೂ ಕಂಡಿದ್ದರು. ವ್ಯಾಧಿ ನಮ್ಮಲ್ಲಿಲ್ಲವೆಂಬ ಮಾತನ್ನು ಈ ಸಮೀಕ್ಷೆ ಸುಳ್ಳಾಗಿಸಿತು. ಆದರೆ ಅದು ಮನೋವೈದ್ಯರ ಬಾಗಿಲಿಗೆ ಬಂದವರ ಲೆಕ್ಕ, ಬಾಗಿಲವರೆಗೆ ಬರಲಾರದವರದಲ್ಲ.

ಹಸಿವು ಮನಸ್ಸಿಗೆ ಮಾಡುವುದೇನು?

ಬರಿಯ ಹಸಿವೇ ಮನಸ್ಸನ್ನು ಎಷ್ಟು ಕೆಡಿಸಬಲ್ಲುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಇಂದಿಗೂ ಮುಖ್ಯ ಆಧಾರ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 36 ಮಂದಿ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಯುದ್ಧದಲ್ಲಿ ಕೊಲ್ಲಲಾರೆವೆಂದು ಸೈನ್ಯ ಸೇರದವರು ಇವರು; ತಾವಾಗಿ ಒಪ್ಪಿ ಬಂದವರು; ಮೈಮನಸ್ಸು ಎರಡರಲ್ಲಿಯೂ ದೃಢರೆಂದು ಆರಿಸಲ್ಪಟ್ಟವರು. ಮೈತೂಕದ ಕಾಲುಭಾಗ ಕರಗುವಷ್ಟರಲ್ಲಿ ಇವರ ಸ್ವಭಾವವೇ ಬದಲಾಯಿತು. ಮಾತು ನಿಂತಿತು, ಸಿಡುಕು ಹೆಚ್ಚಿತು, ವಿಷಾದ ಕವಿಯಿತು. ಹಗಲಿರುಳೂ ಊಟದ್ದೇ ಧ್ಯಾನ. ಎಂದೂ ಅಡಿಗೆ ಮಾಡದವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಹಾಕಿದರು, ತಟ್ಟೆಯನ್ನು ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಹೊಟ್ಟೆತುಂಬ ಕೊಡತೊಡಗಿದ ಮೇಲೂ ಕೆಲವರಿಗೆ ತೃಪ್ತಿಯೆಂಬುದು ಬರಲಿಲ್ಲ. ಉಂಡಷ್ಟೂ ಉಂಡರು, ಬಳಿಕ ನರಳಿದರು. ಇವರೆಲ್ಲ ಗಂಡಸರು ಎಂಬುದನ್ನು ಇಲ್ಲಿ ನೆನೆಯಬೇಕು. ಊಟದ ಹುಚ್ಚು ಹೆಣ್ಣಿನ ಚಾಪಲ್ಯವೆಂದು ನಗುವವರು ಇದನ್ನು ಓದಿದರೆ ಒಳ್ಳೆಯದು.

ಆರು ತಿಂಗಳ ಹಸಿವು, ಅದೂ ಮುಗಿಯುವ ದಿನ ಗೊತ್ತಿದ್ದ ಹಸಿವು, ದೃಢಕಾಯರನ್ನು ಹೀಗೆ ಮಾಡಿತು. ಮುಗಿಯುವ ದಿನ ಗೊತ್ತಿಲ್ಲದ ಹಸಿವಿನ ಮಾತೇನು? ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಬಡವರಿಗೆ ಪುಕ್ಕಟೆ ದವಸ ಹಂಚುವ ಕೇಂದ್ರಗಳಿಗೆ ಬಂದ 503 ಮಂದಿಯನ್ನು ಕ್ಯಾರೊಲಿನ್ ಬೆಕರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಮಾತನಾಡಿಸಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೆಯಲ್ಲಿ ಅನ್ನದ ಅಭದ್ರತೆ ಹೆಚ್ಚಿದಂತೆಲ್ಲ ಊಟದ ವಿಕಾರಗಳೂ ಹೆಚ್ಚಿದ್ದುವು. ಮಕ್ಕಳ ಹೊಟ್ಟೆಗೂ ಸಾಲದ ಮನೆಗಳಲ್ಲಿ ಅವು ಎಲ್ಲಕ್ಕಿಂತ ಹೆಚ್ಚು: ಸಿಕ್ಕ ದಿನ ಅಂಕೆಯಿಲ್ಲದೆ ತಿನ್ನುವುದು, ಮರುದಿನ ಬೇಕೆಂದೇ ಬಿಡುವುದು, ಜೊತೆಗೆ ಕಳವಳ. ಸಿರಿವಂತರ ಕಾಯಿಲೆಯೆಂಬ ಹಳೆಯ ಮಾತು ಇಲ್ಲಿ ತಲೆಕೆಳಗಾಯಿತು.

ಕೊನೆಗೆ ಉಣ್ಣುವವರು

ನಮ್ಮ ಮನೆಗಳಲ್ಲಿ ಹಸಿವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಗಂಡಸರು ಮೊದಲು, ಮಕ್ಕಳು ಬಳಿಕ, ಬಡಿಸಿದವಳು ಕೊನೆಗೆ. ಈ ಪದ್ಧತಿಯನ್ನು ಸೌಜನ್ಯವೆಂದೂ ಗೃಹಿಣೀಧರ್ಮವೆಂದೂ ಹೊಗಳುವುದು ರೂಢಿ. ನಗರದ ಸುಶಿಕ್ಷಿತ ಮನೆಗಳಲ್ಲಿಯೂ ಅದು ಪೂರ್ತಿ ಅಳಿದಿಲ್ಲವೆಂಬುದನ್ನು ಈ ಪುಟ ಓದುವ ಗೃಹಿಣಿಯರೇ ಬಲ್ಲರು. ಪಾಯಲ್ ಹಾಥಿ, ಡಯೇನ್ ಕಾಫಿ ಮೊದಲಾದ ಸಂಶೋಧಕರು ಬಿಹಾರ, ಝಾರ್ಖಂಡ, ಮಹಾರಾಷ್ಟ್ರಗಳಲ್ಲಿ 2018ರಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಪರಿಶೀಲಿಸಿ 2021ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮನೆಯ ಗಂಡಸರು ಉಂಡ ಬಳಿಕ ಉಣ್ಣುವ ಸ್ತ್ರೀಯರ ಮಾನಸಿಕ ಆರೋಗ್ಯ, ಜೊತೆಗೆ ಉಣ್ಣುವವರಿಗಿಂತ ಕೆಟ್ಟಿತ್ತು. ಮನೆಯ ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಎಂದರೆ ಪಾತ್ರೆಯ ತಳದಲ್ಲಿ ಉಳಿದುದು ಎಷ್ಟು ಎಂಬುದೊಂದೇ ಅಲ್ಲ, ತಾನು ಕೊನೆಯವಳೆಂಬುದೂ ಮನಸ್ಸನ್ನು ಹಿಂಡುವುದಾಗಿದೆ.

ಉಣ್ಣದಿರಲು ಇನ್ನೊಂದು ಕಾರಣವಿದೆ. ಸಭ್ಯರ ಪತ್ರಿಕೆಗಳಲ್ಲಿ ಅದನ್ನು ಹೇಳಲು ಹಿಂಜರಿಯುವರು. ಮನೆಯಲ್ಲಿ ಶೌಚಗೃಹವಿಲ್ಲದ, ಅಥವಾ ಇದ್ದರೂ ನೀರಿಲ್ಲದ ಕಡೆ, ಹೆಂಗಸರು ಬಯಲಿಗೆ ಹೋಗಲು ಕತ್ತಲೆಯನ್ನು ಕಾಯಬೇಕು. ಹಗಲು ಹೋಗುವ ಪ್ರಸಂಗ ಬಾರದಿರಲೆಂದು ಅವರು ನೀರನ್ನೂ ಅನ್ನವನ್ನೂ ಕಡಿಮೆ ಮಾಡುವರು. ಒಡಿಶಾದ ಸ್ತ್ರೀಯರನ್ನು ಕುರಿತ 2015ರ ಅಧ್ಯಯನವೊಂದು ಈ ಅಭ್ಯಾಸವನ್ನೂ ಅದರ ಹಿಂದಿನ ಭಯ, ಲಜ್ಜೆ, ಮನಃಕ್ಲೇಶಗಳನ್ನೂ ವಿವರವಾಗಿ ದಾಖಲಿಸಿದೆ. ಬೇಕೆಂದೇ ಆಹಾರವನ್ನು ಬಿಗಿಹಿಡಿಯುವ ಈ ಕ್ರಮಕ್ಕೆ ಯಾವ ರೋಗದ ಹೆಸರೂ ಇಲ್ಲ. ದಪ್ಪಗಾಗುವ ಭಯಕ್ಕಿಂತ ಈ ಭಯ ಕಿರಿದೆಂದು ಯಾರು ಹೇಳಬಲ್ಲರು?

ಮಣ್ಣು ತಿನ್ನುವುದನ್ನೂ ಇಲ್ಲಿಯೇ ಹೇಳಬೇಕು. ಬಸುರಿಯ ಬಯಕೆಯೆಂದು ಮಣ್ಣು, ಬೂದಿ, ಬಳಪ, ಹಸಿ ಅಕ್ಕಿಗಳನ್ನು ತಿನ್ನುವ ಹೆಂಗಸರನ್ನು ಕಾಣದ ಊರು ಕರ್ನಾಟಕದಲ್ಲಿ ಅಪರೂಪ. ವೈದ್ಯರು ಇದನ್ನು ‘ಪೈಕಾ’ ಎನ್ನುವರು. ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿದೆ. ರಕ್ತದಲ್ಲಿ ಕಬ್ಬಿಣ ಕಡಮೆಯಾದವರಲ್ಲಿ ಈ ಬಯಕೆ ಹೆಚ್ಚು. ಎಷ್ಟೋ ಮಂದಿಯಲ್ಲಿ ಕಬ್ಬಿಣ ಕೊಟ್ಟರೆ ಅದು ತಾನೇ ಅಡಗುವುದೂ ಉಂಟು. ಮಣ್ಣು ತಿನ್ನುವುದರಿಂದ ಹುಟ್ಟುವ ಪಾಂಡುರೋಗವನ್ನು ಆಯುರ್ವೇದದವರು ಬಹು ಹಿಂದೆಯೇ ಪ್ರತ್ಯೇಕವಾಗಿ ಹೆಸರಿಸಿದ್ದರು. ನಮ್ಮಲ್ಲಿ ಇದನ್ನು ಬಯಕೆಯೆಂದು ಮುದ್ದಿಸುವರು, ಇಲ್ಲವೆ ಕೆಟ್ಟ ಚಾಳಿಯೆಂದು ಬೈಯುವರು. ಎರಡರಿಂದಲೂ ಆಕೆಗೆ ಕಬ್ಬಿಣ ದೊರೆಯುವುದಿಲ್ಲ.

ಕೇಳುವವರು ಯಾರು, ಎಲ್ಲಿ ಕುಳಿತು?

ಹಾಗಾದರೆ ಪಾಮನಕಲ್ಲೂರಿನಂಥ ಊರಿನಲ್ಲಿ ಈ ಸಂಶೋಧನೆಯನ್ನು ಕೈಗೊಳ್ಳುವವರು ಎಲ್ಲಿಂದ ಮೊದಲು ಮಾಡಬೇಕು? ಭಾಷೆಯಿಂದ ಎನ್ನಬೇಕಾಗುತ್ತದೆ. ‘ಖಿನ್ನತೆ’ ಎಂಬುದು ಪತ್ರಿಕೆಯವರ ಶಬ್ದ. ಅದು ಕೇರಿಯ ಬಾಯಲ್ಲಿಲ್ಲ. ಅಲ್ಲಿ ‘ಜೀವ ಬ್ಯಾಸರಾಗ್ಯಾದ’, ‘ಉಣ್ಣಾಕ ಮನಸ್ಸಾಗವಲ್ದು’, ‘ಹೊಟ್ಟ್ಯಾಗ ಸಂಕಟ’ ಎನ್ನುವರು. ನಿಮಗೆ ಖಿನ್ನತೆಯಿದೆಯೇ ಎಂದು ಕೇಳಿದರೆ ಇಲ್ಲವೆನ್ನುವವಳು, ಜೀವ ಬ್ಯಾಸರಾಗ್ಯಾದೇನವ್ವ ಎಂದು ಕೇಳಿದರೆ ಸೆರಗನ್ನು ಕಣ್ಣಿಗೊತ್ತಿಕೊಂಡಾಳು. ಲಂಬಾಣಿ ತಾಂಡಾಗಳಲ್ಲಿ ಮನೆಮಾತು ಕನ್ನಡವೂ ಅಲ್ಲ. ಬೆಂಗಳೂರಿನಲ್ಲಿ ಅಚ್ಚುಮಾಡಿದ ಕನ್ನಡ ಪ್ರಶ್ನೆಗಳು ಅಲ್ಲಿ ಎರಡನೆಯ ಸಲ ಭಾಷಾಂತರಗೊಳ್ಳಬೇಕು. ಆ ಕೆಲಸವನ್ನು ಸಾಮಾನ್ಯವಾಗಿ ಅಲ್ಲಿಯೇ ನಿಂತಿರುವ ಯಾರೋ ಒಬ್ಬ ಗಂಡಸು ಮಾಡುವನು, ತನಗೆ ತೋಚಿದಂತೆ.

ಕೇಳುವ ಸ್ಥಳವೂ ಅಷ್ಟೇ ಮುಖ್ಯ. ಒಂದೇ ಅಂಕಣದ ಮನೆಯಲ್ಲಿ ಅತ್ತೆ ಬಾಗಿಲಲ್ಲಿ ಕುಳಿತಿರುವಾಗ, ನಿನಗೆ ಹೊಟ್ಟೆತುಂಬ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಸೊಸೆಯಿಂದ ಬರುವ ಉತ್ತರ ಒಂದೇ. ಕೇಳಲು ಬಂದವರು ಎಲ್ಲಿ ಕುಳಿತರು, ಕೊಟ್ಟ ನೀರನ್ನು ಕುಡಿದರೋ ಮುಟ್ಟದೆ ಇಟ್ಟರೋ ಎಂಬುದನ್ನು ದಲಿತಕೇರಿಯ ಜನ ಮೊದಲು ನೋಡುವರು, ಉತ್ತರ ಆಮೇಲೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಶಾಸನ 1982ರಲ್ಲಿ ಆಯಿತು. ಆ ಪದ್ಧತಿಗೆ ಸಿಕ್ಕಿ ಬಿಡುಗಡೆಯಾದ ಸ್ತ್ರೀಯರು ಈ ಸೀಮೆಯಲ್ಲಿ ಇಂದಿಗೂ ಇರುವರು. ಯಜಮಾನನ ಹೆಸರು ಕೇಳುವ ಮೊದಲನೆಯ ಅಂಕಣದಲ್ಲಿಯೇ ಅವರ ಬಾಯಿ ಮುಚ್ಚಿಹೋಗುವುದು. ಎಲ್ಲಕ್ಕಿಂತ ದೊಡ್ಡ ತೊಡಕು ಬೀಗ. ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಸಮೀಕ್ಷೆಗಾರರು ಎರಡು ಸಲ ಬಂದು ನೋಡಿ ಆ ಮನೆಯನ್ನು ಪಟ್ಟಿಯಿಂದ ಬಿಟ್ಟುಬಿಡುವರು. ಯಾರ ಮನಸ್ಸನ್ನು ಅಳೆಯಬೇಕಾಗಿತ್ತೋ ಅವರು ಆ ವೇಳೆಗೆ ಬೆಂಗಳೂರಿನ ಕಟ್ಟಡವೊಂದರ ಕೆಳಗೆ ತಗಡಿನ ಗುಡಿಸಲಿನಲ್ಲಿರುವರು. ಮಳೆಗಾಲದಲ್ಲಿ ಒಮ್ಮೆ, ಗುಳೆಯ ಕಾಲದಲ್ಲಿ ಒಮ್ಮೆ, ಊರಿನಲ್ಲಿಯೂ ಕಟ್ಟಡದ ಬಳಿಯೂ ಹೋಗಿ ನೋಡದ ಸಮೀಕ್ಷೆ ಈ ಜನರ ಸಮೀಕ್ಷೆಯೆನಿಸದು.

ಇದೆಲ್ಲ ಅಸಾಧ್ಯವೇನೂ ಅಲ್ಲ. ತುಂಗಭದ್ರೆಯ ಆಚೆಯ ದಡದಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ನಿಮ್ಹಾನ್ಸ್ ಸಂಸ್ಥೆ 1975ರಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ತೆರೆದು ಬೆಂಗಳೂರಿನ ಬಳಿಯ ಸಕಲವಾರದ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ಆ ಅನುಭವದ ಬಲದಿಂದ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಭೂಮಿಯಾಗಿ ಆರಿಸಿಕೊಳ್ಳಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋವ್ಯಾಧಿಗಳನ್ನು ಗುರುತಿಸುವುದನ್ನು ಕಲಿಸಿ, ಔಷಧವನ್ನು ಅಲ್ಲಿಯೇ ದೊರೆಯುವಂತೆ ಮಾಡಲಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಈ ಬಳ್ಳಾರಿಯೇ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಗಳಲ್ಲಿ ಇದೊಂದು. ಆದರೆ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಆ ಕಾಲದ ಗಮನ ಹೆಚ್ಚಾಗಿ ತೀವ್ರ ಮನೋವಿಕಾರ, ಮೂರ್ಛೆರೋಗಗಳ ಕಡೆಗಿತ್ತು. ಗಲಾಟೆ ಮಾಡುವ ರೋಗಿ ಊರಿನ ಕಣ್ಣಿಗೆ ಬೀಳುವನು. ಮೂಲೆಯಲ್ಲಿ ಕುಳಿತು ರೊಟ್ಟಿಯನ್ನು ಮಕ್ಕಳ ತಾಟಿಗೆ ಸರಿಸುವವಳು ಬೀಳುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆದಾಗ ಕರ್ನಾಟಕ ಅವುಗಳಲ್ಲಿ ಸೇರಿರಲಿಲ್ಲ. ಮನೋವ್ಯಾಧಿಯಿದ್ದೂ ಚಿಕಿತ್ಸೆ ದೊರೆಯದವರು, ವ್ಯಾಧಿಯ ಬಗೆಯನ್ನನುಸರಿಸಿ, ನೂರಕ್ಕೆ 70ರಿಂದ 92ರವರೆಗೆ ಇರುವರೆಂದು ಆ ಸಮೀಕ್ಷೆ ಹೇಳಿತು.

ಅನ್ನ ಕೊಡುವ ಕಾರ್ಯಕ್ರಮಗಳಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಮೊದಲು ಕಾಲಿಟ್ಟುದು ರಾಯಚೂರೇ ಮೊದಲಾದ ಹಿಂದುಳಿದ ಜಿಲ್ಲೆಗಳಲ್ಲಿ. ಬಸುರಿ ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಲೆಂದು 2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ಅನ್ನ ಸಿದ್ಧವಿದ್ದರೂ ಹಲವು ಊರುಗಳಲ್ಲಿ ತಾಯಂದಿರು ಬರಲು ಹಿಂಜರಿದರು. ಕೂಲಿಯ ವೇಳೆ, ನಡೆಯುವ ದೂರ, ನಾಲ್ಕು ಜನರೆದುರು ಕುಳಿತು ಉಣ್ಣುವ ಸಂಕೋಚ, ಮನೆಯವರು ಹಸಿದಿರುವಾಗ ತಾನೊಬ್ಬಳೇ ಉಂಡೆನೆಂಬ ಅಳುಕು—ಇವು ಅಕ್ಕಿ ಬೇಳೆಯ ಲೆಕ್ಕದಲ್ಲಿ ಬರುವಂಥವಲ್ಲ. ಅನ್ನವನ್ನು ಅಳೆಯುವವರು ಒಂದು ಇಲಾಖೆ, ಮನಸ್ಸನ್ನು ನೋಡುವವರು ಇನ್ನೊಂದು. ಎರಡರ ಕಡತಗಳೂ ಒಂದೇ ಮೇಜಿನ ಮೇಲೆ ಬರುವುದಿಲ್ಲ. ಊರಿನಲ್ಲಿ ಎರಡನ್ನೂ ಒಟ್ಟಿಗೆ ಕಾಣಬಲ್ಲವರೆಂದರೆ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ. ಯಾವ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತುವುದು, ಯಾವ ಸೊಸೆ ತವರಿನಿಂದ ಬಂದ ಮೇಲೆ ಸೊರಗಿದಳು ಎಂಬುದನ್ನು ಅವರು ಬಲ್ಲರು. ಸಂಶೋಧಕರು ಅವರ ಕೈಗೆ ಪ್ರಶ್ನೆಗಳ ಹಾಳೆಯನ್ನು ಕೊಡುವರೇ ಹೊರತು, ಪ್ರಶ್ನೆಗಳನ್ನು ಬರೆಯುವಾಗ ಅವರನ್ನು ಕರೆದು ಕುಳ್ಳಿರಿಸಿಕೊಳ್ಳುವುದು ವಿರಳ.

ಸಹಾಯಕ್ಕೆ ದಾರಿಗಳಿಲ್ಲವೆಂದಲ್ಲ. ರಾಯಚೂರಿನಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗಿಗಳನ್ನು ಪರೀಕ್ಷಿಸಲು ‘ಮನೋಚೈತನ್ಯ’ ಎಂಬ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮಂಗಳವಾರ ತಾಲ್ಲೂಕಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹಣ ಬೇಕು, ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕು. ದೂರವಾಣಿಗೆ ಇವಾವುವೂ ಬೇಡ. ಆದರೆ ಮನೆಗಿರುವ ಒಂದೇ ಫೋನು ಬೆಳಗ್ಗೆ ಗಂಡನ ಅಂಗಿಯ ಜೇಬಿನಲ್ಲಿ ಹೊಲಕ್ಕೆ ಹೋದರೆ, ಅದು ಮರಳಿ ಬರುವುದು ರಾತ್ರಿ ಊಟದ ಹೊತ್ತಿಗೆ.